ಸಿಲೋನಿನಿಂದ ತಂದ ಒಂದು ಸೀಸೆ ನೀರು

ಹೊರಡುವ ಮುಂಚೆ

ನನಗೆ ಸಮುದ್ರ ನೋಡಬೇಕೆಂಬ ಆಸೆ ಯಾವತ್ತೂ ಇರಲಿಲ್ಲ. ಬಾವಿ ಇತ್ತು, ಅದೇ ಸಾಕಾಗಿತ್ತು. ಆದರೂ ಅರವತ್ತು ದಾಟಿದ ಮೇಲೆ ಹಡಗು ಹತ್ತಿ ಸಿಲೋನಿಗೆ ಹೋಗಿಬಂದೆ. ಈಗ ಅದನ್ನು ಶ್ರೀಲಂಕಾ ಅನ್ನಬೇಕಂತೆ. ನಮ್ಮ ಬಾಯಿಗೆ ಸಿಲೋನೇ ಬರುತ್ತದೆ. ನೋಡಿ ಬಂದದ್ದನ್ನು ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ತಪ್ಪಿದ ಕಡೆ ಅವರು ತಿದ್ದಿದ್ದಾರೆ. ಮಾತು ತಿದ್ದಬೇಡಿ ಎಂದು ಮೊದಲೇ ಹೇಳಿದ್ದೆ.

ಹೋಗಿದ್ದು ಯಾತ್ರೆಗಲ್ಲ, ಒಂದು ಗಿರಣಿ ನೋಡುವುದಕ್ಕೆ.

ನಮ್ಮೂರು ತಿಪಟೂರು ಕಡೆ, ಬಿಳಿಗೆರೆಗೆ ಮೂರು ಮೈಲಿ. ಎತ್ತ ನೋಡಿದರೂ ತೆಂಗು. ಆದರೆ ನಾವು ಕಾಯನ್ನು ಕಾಯಾಗಿ ಮಾರುವವರಲ್ಲ. ಬಲಿತು ಬಿದ್ದ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಅಲ್ಲಿ ಅದು ಹತ್ತು ಹನ್ನೆರಡು ತಿಂಗಳು ಕೂತಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಅದು ಗಿಟಕು. ಗಿಟಕನ್ನು ಒಡೆದರೆ ಉಂಡೆ ಕೊಬ್ಬರಿ. ನಮ್ಮ ಅಂಗಳದಲ್ಲಿ ಕೂತು ಒಡೆಯುವ ಹೆಂಗಸರು ಹದಿನೈದು ಜನ, ಅವರಿಗೆಲ್ಲ ಹಿರಿಯಳು ಪುಟ್ಟಕ್ಕ. ನನ್ನ ಕೈಕಾಲು ಗಟ್ಟಿಯಿರುವವರೆಗೂ ಹೀಗೇ ನಡೆಯುತ್ತದೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ಬೆಳೆಗಾರರ ಸಂಘದವರಿಗೆ ಕಾಯಿಪುಡಿ ಗಿರಣಿಯ ಹುಚ್ಚು ಹತ್ತಿತು. ಹಸಿ ಕಾಯಿಯ ತಿರುಳು ತುರಿದು, ಒಣಗಿಸಿ, ಹಿಟ್ಟಿನಂತೆ ಚೀಲಕ್ಕೆ ತುಂಬುವುದು. ಬಿಸ್ಕತ್ತು ಮಾಡುವವರು, ಮಿಠಾಯಿ ಮಾಡುವವರು, ಪರದೇಶದವರು ಎಲ್ಲ ಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಮುಂದೆಲ್ಲ ಇಂಥದ್ದೇ ಬರುವುದು, ಬೆಳೆದದ್ದನ್ನು ಹಾಗೇ ಮಾರುವ ಕಾಲ ಹೋಯಿತು ಎಂದು ಸಂಘದ ಕಾರ್ಯದರ್ಶಿ ಸಭೆ ಸಭೆಯಲ್ಲೂ ಹೇಳುತ್ತಿದ್ದ. ಆ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ನನ್ನ ಮೈದುನನ ಮಗ ರುದ್ರೇಶ. ಗಿರಣಿಗೆ ರಸ್ತೆ ಬೇಕು, ಕರೆಂಟಿನ ಕಂಬ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೀರು ಬೇಕು. ಮೂರೂ ಒಟ್ಟಿಗೆ ಇರುವ ಜಾಗ ನಮ್ಮೂರಿನಲ್ಲಿ ಒಂದೇ. ನೊಣವಿನಕೆರೆ ರಸ್ತೆಯ ಪಕ್ಕದ ನನ್ನ ಬಾವಿಯ ತಾಕು, ಬಾವಿ ಇರುವ ತುಂಡು ಹೊಲ.

ಆ ಬಾವಿಯನ್ನು ನನ್ನ ಯಜಮಾನರು ತೋಡಿಸಿದ್ದು. ಊರ ಕೊಳವೆ ಕೆಟ್ಟರೆ ಎರಡು ಕೇರಿಯವರೂ ಅಲ್ಲಿಗೇ ಬರುತ್ತಾರೆ. ಇವರು ಬರಬೇಕು, ಅವರು ಬರಬಾರದು ಎಂದು ಯಜಮಾನರು ಯಾವತ್ತೂ ಅಂದವರಲ್ಲ. ಅವರು ಹೋದ ಮೇಲೆ ನಾನೂ ಅಂದಿಲ್ಲ.

"ದೊಡ್ಡವ್ವ, ನೀನು ಹೂಂ ಅಂದ್ರೆ ಸಾಕು, ಮಿಕ್ಕಿದ್ದೆಲ್ಲ ನಾನ್ ನೋಡ್ಕೋತೀನಿ" ಅಂದ ರುದ್ರೇಶ.

"ನೋಡ್ದೆ ಹೂಂ ಅನ್ನಾಕಿಲ್ಲ ಕಣ್ಲಾ."

"ನೋಡ್ಬೇಕು ಅಂದ್ರೆ ಸಿಲೋನಿಗೇ ಹೋಗ್ಬೇಕು. ಅಲ್ಲಿ ಇವು ಬೇಜಾನ್ ಅವೆ. ಸಂಘದೋರು ಹೊಂಟವ್ರೆ."

"ಹಂಗಾರೆ ನಾನೂ ಬತ್ತೀನಿ."

ಅವನು ನಕ್ಕ. ನಾನು ನಗಲಿಲ್ಲ. ಸಿಲೋನು ಅಂದರೆ ರೇಡಿಯೋದಲ್ಲಿ ಹಾಡು ಬರುವ ಊರು ಎಂದಷ್ಟೇ ನನಗೆ ಗೊತ್ತಿತ್ತು. ಅರಸೀಕೆರೆಯಿಂದ ಆಚೆ ಎಲ್ಲೋ ಇರಬೇಕು ಅಂದುಕೊಂಡಿದ್ದೆ. ನೀರು ದಾಟಬೇಕು ಎಂದು ತಿಳಿದದ್ದು ಮಾತು ಕೊಟ್ಟ ಮೇಲೆ. ಕೊಟ್ಟ ಮಾತು ವಾಪಸು ತೆಗೆದುಕೊಳ್ಳಲು ನಾಚಿಕೆಯಾಯಿತು.

ಹೊರಟವರು ಮೂವರು. ನಾನು, ರುದ್ರೇಶ, ಮತ್ತು ಮೇಷ್ಟ್ರು. ಮೇಷ್ಟ್ರು ಪಿಂಚಣಿಯವರು. ಬೆಂಗಳೂರಿನ ದಂಡಿನ ಕಡೆ ಬಹಳ ವರ್ಷ ಪಾಠ ಹೇಳಿದ್ದರಿಂದ ಅವರಿಗೆ ತಮಿಳೂ ಬರುತ್ತಿತ್ತು, ಇಂಗ್ಲಿಷೂ ಬರುತ್ತಿತ್ತು. ರುದ್ರೇಶನ ಚೀಲದಲ್ಲಿ ಒಂದು ಕಾಗದ ಇತ್ತು. ಬಾವಿಯ ತಾಕು ಬಿಟ್ಟುಕೊಡುವ ಕಾಗದ. ನೋಡಿದ ಮೇಲೆ ಅಲ್ಲೇ ರುಜು ಹಾಕಿಸಿಬಿಡಬಹುದು ಎಂದು ಜೊತೆಗೇ ತಂದಿದ್ದ. ಆ ಕಾಗದ ನಮ್ಮ ಜೊತೆ ಹಡಗು ಹತ್ತಿತು, ರೈಲು ಹತ್ತಿತು, ನನ್ನ ತಲೆಯಿಂದ ಮಾತ್ರ ಇಳಿಯಲಿಲ್ಲ.

ನಾನು ತೆಗೆದುಕೊಂಡದ್ದು ಎರಡು ಸೀರೆ, ಒಂದು ಡಬ್ಬಿ ಹುರಿಹಿಟ್ಟು, ಚಟ್ನಿಪುಡಿ, ಐದು ಗಿಟಕು, ಮತ್ತು ತಿರುಪಿನ ಮುಚ್ಚಳದ ಹಿತ್ತಾಳೆ ಚೊಂಬು. ಚೊಂಬಿನಲ್ಲಿ ನಮ್ಮ ಬಾವಿಯ ನೀರು. ಹೊರಗೆ ಹೋದವರು ಊರ ನೀರನ್ನು ಒಂದು ಗುಟುಕಾದರೂ ಉಳಿಸಿಕೊಂಡು ಊರಿಗೆ ಬರಬೇಕು ಎಂದು ನನ್ನ ಅತ್ತೆ ಕಟ್ಟು ಮಾಡಿದ್ದರು. ಅವರು ಹೋಗುತ್ತಿದ್ದುದು ಕಂದಿಕೆರೆಯ ತವರಿಗೆ. ನಾನು ಸಿಲೋನಿಗೆ ಹೋದಾಗಲೂ ಅದನ್ನೇ ಮಾಡಿದೆ.

ರಾಮೇಶ್ವರದ ಹಡಗು

ರೈಲು ಸಮುದ್ರದ ಮೇಲಿನ ಸೇತುವೆ ದಾಟುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಹಡಗಿನಲ್ಲಿ ರುದ್ರೇಶ ಕಕ್ಕಿದ. ಮೇಷ್ಟ್ರೂ ಕಕ್ಕಿದರು. ನನಗೆ ಹೊಟ್ಟೆ ತೊಳಸಲಿಲ್ಲ, ಆದರೆ ನೆಲ ಕಾಣದೆ ಹೋದ ಮೇಲೆ ಚೊಂಬನ್ನು ಮಡಿಲಿಗೆ ಎಳೆದುಕೊಂಡೆ. ನಾಲ್ಕೂ ಕಡೆ ಅಷ್ಟು ನೀರು, ಒಂದು ಬೊಗಸೆ ಬಾಯಿಗೆ ಹಾಕುವ ಹಾಗಿಲ್ಲ. ನಮ್ಮ ಬಾವಿ ಹೀಗಾದರೆ ಏನು ಗತಿ ಎಂಬ ಯೋಚನೆ ಅಲ್ಲೇ ಬಂತು. ಯಾಕೆ ಬಂತೋ ಗೊತ್ತಿಲ್ಲ. ಇನ್ನೂ ಗಿರಣಿಯನ್ನೇ ನೋಡಿರಲಿಲ್ಲ.

"ನೀರು ಕೊಡು ದೊಡ್ಡವ್ವ" ಅಂದ ರುದ್ರೇಶ, ಕಂಬಿಗೆ ಜೋತುಬಿದ್ದು. ಚೊಂಬಿನಿಂದ ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟೆ. ಕುಡಿದು ಬಾಯಿ ಒರೆಸಿಕೊಂಡ. "ಜೀವ ಬಂತು ಕಣವ್ವ."

ಆ ಮಾತನ್ನು ನಾನು ಮರೆಯಲಿಲ್ಲ.

ತಲೈಮನ್ನಾರಿನ ಸುಂಕದವರು

ಹಡಗು ಇಳಿದ ಕಡೆ ಬಿಳಿ ಚಲ್ಲಣದ ಸುಂಕದವನು ನನ್ನ ಗಂಟು ಬಿಚ್ಚಿಸಿದ. ಹುರಿಹಿಟ್ಟನ್ನು ಮೂಸಿ ನೋಡಿ ಸುಮ್ಮನಾದ. ಗಿಟಕು ಕೈಗೆ ತೆಗೆದುಕೊಂಡ. ಅದು ಗಡಗಡ ಅಂದಿತು. ಅವನ ಮುಖದ ಬಣ್ಣ ಬದಲಾಯಿತು. ಇನ್ನೊಮ್ಮೆ ಅಲ್ಲಾಡಿಸಿದ. ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಮತ್ತೊಬ್ಬನನ್ನು ಕರೆದ. ತೆಂಗು ಬೆಳೆಯುವ ದೇಶದ ಮೂರು ಜನ ಗಂಡಸರು ಒಂದು ಕಾಯನ್ನು ಕಿವಿಗೆ ಇಟ್ಟುಕೊಂಡು ನಿಂತಿದ್ದರು.

"ಒಳಗೆ ಚಿನ್ನ ಇಟ್ಟಿದ್ದೀರಾ ಅಂತ ಕೇಳ್ತಾನೆ" ಅಂದರು ಮೇಷ್ಟ್ರು.

"ಚಿನ್ನ ಇದ್ದಿದ್ರೆ ನಾನ್ಯಾಕೆ ಇಲ್ಲಿಗ್ ಬತ್ತಿದ್ದೆ? ಕೊಬ್ಬರಿ ಅನ್ನಿ ಅವನ್ಗೆ."

ನಂಬಲಿಲ್ಲ. ಅಲ್ಲಿ ಕೊಬ್ಬರಿ ಅಂದರೆ ಕಾಯನ್ನು ಎರಡು ಹೋಳು ಮಾಡಿ, ಚಿಪ್ಪಿನ ಬೆಂಕಿಯ ಮೇಲೆ ಕೆಲವೇ ದಿನದಲ್ಲಿ ಒಣಗಿಸಿದ್ದು. ಒಂದು ಕಾಯನ್ನು ಒಂದು ವರ್ಷ ಸುಮ್ಮನೆ ಇಡುತ್ತಾರೆ ಅಂದರೆ ಅವರಿಗೆ ಕಳ್ಳತನದ ಹಾಗೆ ಕಂಡಿರಬೇಕು. ಸುತ್ತಿಗೆ ತಂದರು. ಒಡೆದರು. ಉಂಡೆ ಉರುಳಿ ಮೇಜಿನ ಕೆಳಗೆ ಹೋಯಿತು. ಸುಂಕದವನು ಬಗ್ಗಿ ಹುಡುಕಿ ತೆಗೆದು ಅದನ್ನೂ ಒಡೆದ. ಹಾಗೆ ಐದೂ ಒಡೆದರು. ಗಿರಣಿಯ ಯಜಮಾನನಿಗೆ ಇಡಿಯಾಗಿ ಕೊಡಬೇಕೆಂದು ಆರಿಸಿ ತಂದಿದ್ದೆ. ಚೂರನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಆ ಮನುಷ್ಯ ತಲೆ ಆಡಿಸಿ ಏನೋ ಅಂದ.

"ಬಹಳ ಸಿಹಿ ಅಂತಾನೆ" ಅಂದರು ಮೇಷ್ಟ್ರು.

"ಒಡೆದವನ ಬಾಯ್ಗೆ ಸಿಹೀನೇ ಕಣ್ರೀ. ನಡೀರಿ."

ಆದರೆ ಅಲ್ಲಿಂದಲೇ ನನ್ನ ಕಳವಳ ಹೆಚ್ಚಿತು. ನಮ್ಮ ಕೆಲಸದ ಬುಡ ತುದಿ ಗೊತ್ತಿಲ್ಲದವರ ಹತ್ತಿರ ನಾವು ಕೆಲಸ ಕಲಿಯಲು ಬಂದಿದ್ದೆವು.

ಗಿರಣಿ, ಮೊದಲ ದಿನ

ಗಿರಣಿ ಇದ್ದದ್ದು ಕುರುನೇಗಲದ ಕಡೆಯ ಒಂದು ಹಳ್ಳಿಯಲ್ಲಿ. ದಾರಿಯುದ್ದಕ್ಕೂ ತೆಂಗು, ನಮ್ಮ ಕಡೆಯಂತೆಯೇ. ಆದರೆ ನೆಲ ಬೇರೆ. ಬೇಲಿ ಬೇಲಿಗೂ ಹಸಿರು. ನಮ್ಮ ನೆಲ ಕೆಂಪು, ಕಲ್ಲು. ನಮ್ಮ ಗಿಡಕ್ಕೆ ನೀರನ್ನು ಎತ್ತಿ ಹಾಕಬೇಕು, ಇವರಿಗೆ ಆಕಾಶವೇ ಹಾಕುತ್ತದೆ. ಹೊಟ್ಟೆಕಿಚ್ಚಾಯಿತು.

ಅಲ್ಲಿನವರು ಮೂರು ಹೊತ್ತೂ ಕಾಯಿ ತಿನ್ನುತ್ತಾರೆ. ಅನ್ನಕ್ಕೆ ಕಾಯಿಹಾಲು, ಪಲ್ಯಕ್ಕೆ ಕಾಯಿಹಾಲು, ಚಟ್ನಿಯಂಥದ್ದು ಒಂದು ಇದೆ, ಅದೂ ಕಾಯಿಯೇ. ಅದರಲ್ಲಿ ಒಣಮೀನಿನ ಪುಡಿ ಬೆರೆಸುತ್ತಾರೆ ಎಂದು ಮೇಷ್ಟ್ರು ಹೇಳುವ ಹೊತ್ತಿಗೆ ರುದ್ರೇಶ ಎರಡು ಸಲ ಹಾಕಿಸಿಕೊಂಡಾಗಿತ್ತು. ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಎದ್ದುಹೋದ. ನಾನು ಹುರಿಹಿಟ್ಟು ಕಲಸಿಕೊಂಡೆ. ಅವರ ಮಜ್ಜಿಗೆ ಎಲ್ಲಿ ಎಂದು ಕೇಳಿದರೆ ಮಜ್ಜಿಗೆಯೇ ಇಲ್ಲವಂತೆ.

ಗಿರಣಿಯ ಮೇಲ್ವಿಚಾರಕ ತಮಿಳಿನವನು. ಮರ್ಯಾದಸ್ಥ. ಎಲ್ಲ ತೋರಿಸಿದ. ಮೊದಲ ಸಾಲಿನಲ್ಲಿ ಗಂಡಸರು ಚಿಕ್ಕ ಕೊಡಲಿಯಿಂದ ಚಿಪ್ಪನ್ನು ಮಾತ್ರ ಎಬ್ಬಿಸುತ್ತಾರೆ, ತಿರುಳು ಇಡಿಯಾಗಿ ಚೆಂಡಿನಂತೆ ಕೈಗೆ ಬರುತ್ತದೆ. ಕೈಚಳಕ ಅಂದರೆ ಅದು. ಆಮೇಲೆ ಹೆಂಗಸರ ಸಾಲು. ಅವರು ತಿರುಳಿನ ಮೇಲಿನ ಕಂದು ಸಿಪ್ಪೆಯನ್ನು ಹೆರೆಯುತ್ತಾರೆ. ಹಾಲುಬಿಳುಪು ಉಂಡೆ ಉಳಿಯುತ್ತದೆ. ಅದನ್ನು ಸೀಳಿ, ನೀರು ತೆಗೆದು, ತೊಳೆದು, ಮತ್ತೆ ತೊಳೆದು, ಕುದಿನೀರಿನಲ್ಲಿ ಅದ್ದಿ, ಯಂತ್ರಕ್ಕೆ ಹಾಕುತ್ತಾರೆ. ಕೊನೆಗೆ ಬಿಸಿಗಾಳಿಯ ಪೆಟ್ಟಿಗೆ. ಆಚೆ ಬರುವಾಗ ಮಲ್ಲಿಗೆಯಂಥ ಪುಡಿ. ಚೆನ್ನಾಗಿತ್ತು. ಚೆನ್ನಾಗಿದ್ದುದನ್ನು ಚೆನ್ನಾಗಿಲ್ಲ ಅನ್ನಲಾರೆ.

ಒಳಗೆ ಹೋಗಬೇಕಾದರೆ ಔಷಧಿ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಬೇಕು, ಕೈ ಉಜ್ಜಬೇಕು, ತಲೆಗೆ ಬಟ್ಟೆ ಕಟ್ಟಬೇಕು. ಬಳೆ ಹಾಕಿಕೊಂಡು ಹೋಗುವ ಹಾಗಿಲ್ಲ. ಗಾಜಿನ ಒಂದು ಚೂರು ಪುಡಿಯಲ್ಲಿ ಸಿಕ್ಕಿದರೆ ಹಡಗುಗಟ್ಟಲೆ ಮಾಲು ವಾಪಸು ಬರುತ್ತದಂತೆ. ನನ್ನ ಕೈ ಬೋಳು, ನನಗೆ ಅಡ್ಡಿ ಇರಲಿಲ್ಲ. ನಮ್ಮ ಅಂಗಳದ ಹದಿನೈದು ಜನರಲ್ಲಿ ಹದಿಮೂರು ಜನ ಮುತ್ತೈದೆಯರು. ಅವರಿಗೆ ಇದನ್ನು ಹೇಳುವವರು ಯಾರು? ರುದ್ರೇಶ ಹೇಳಲಿ, ನೋಡೋಣ.

"ಎಂಗಿದೆ ದೊಡ್ಡವ್ವ?" ಅಂದ ಹೊರಗೆ ಬಂದಾಗ. ಮುಖ ಅರಳಿತ್ತು. "ನಮ್ಮೂರ್ನಾಗೆ ಇಂಥದ್ದು ಇದ್ದಂಗೆ ಕಣ್ಮುಂದೆ ತಂದ್ಕೊ."

"ಇದ್ರ ತೊಳೆದ ನೀರೆಲ್ಲ ಎಲ್ಲಿಗೋಯ್ತದೆ?"

"ಎಲ್ಗೋ ಹೋಯ್ತದೆ ಬುಡು. ನೀರಲ್ವಾ, ಹರೀತದೆ."

ಎರಡನೇ ದಿನ

ಮಾರನೆಯ ದಿನ ಗಂಡಸರು ಆಫೀಸಿನಲ್ಲಿ ಕೂತು ಯಂತ್ರದ ಮಾತಾಡುತ್ತಿದ್ದರು. ನನಗೆ ಕುರ್ಚಿಯಲ್ಲಿ ಕೂತು ಅಭ್ಯಾಸವಿಲ್ಲ. ಎದ್ದು ಹೊರಗೆ ಹೋದೆ. ಅಂಗಳದಲ್ಲಿ ಸುಲಿದ ಕಾಯಿಯ ದೊಡ್ಡ ರಾಶಿ. ನಾಲ್ಕು ಹೆಂಗಸರು ಕೂತು ಕಾಯಿ ಆರಿಸುತ್ತಿದ್ದರು. ಒಬ್ಬೊಬ್ಬಳೂ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಂದು ಕಡೆಗೆ ಎಸೆಯುತ್ತಿದ್ದಳು. ಅದನ್ನು ನೋಡಿ ನನ್ನ ಜೀವ ತಣ್ಣಗಾಯಿತು. ಇಷ್ಟು ದೂರ ಬಂದ ಮೇಲೆ ನನಗೆ ಗೊತ್ತಿರುವ ಒಂದು ಕೆಲಸ ಸಿಕ್ಕಿತು. ಸೆರಗು ಸಿಕ್ಕಿಸಿ ಕೂತೆ.

ಪಕ್ಕದಲ್ಲಿದ್ದವಳ ಹೆಸರು ಸೋಮಾವತಿ. ಕಪ್ಪಗೆ, ಗಟ್ಟಿ ಮೈ, ಬಾಯಿ ತುಂಬ ಎಲೆಯಡಿಕೆ. ನನ್ನ ವಯಸ್ಸಲ್ಲ, ನನ್ನ ಮಗಳ ವಯಸ್ಸು. ಎಲೆಯಡಿಕೆ ಕೊಟ್ಟಳು, ಹಾಕಿಕೊಂಡೆ. ಭಾಷೆ ಬೇಕಾಗಲಿಲ್ಲ.

ಕಾಯಿ ಎತ್ತಿದೆ, ಅಲ್ಲಾಡಿಸಿದೆ. ಒಳಗೆ ಬುಳುಕ್ ಅಂತು. ಹಸಿ. ಆಚೆಗೆ ಎಸೆದೆ. ಇನ್ನೊಂದು ಎತ್ತಿದೆ. ಸದ್ದಿಲ್ಲ, ನೀರು ಇಂಗಿದೆ. ಒಳ್ಳೆಯದು, ಬುಟ್ಟಿಗೆ ಹಾಕಿದೆ. ನಲವತ್ತು ವರ್ಷದಿಂದ ಈ ಕಿವಿ ಮಾಡಿದ ಕೆಲಸ. ನಾನು ನಾಲ್ವರಿಗಿಂತ ಬೇಗ ಮಾಡಿದೆ. ಒಂದು ಬುಟ್ಟಿ ತುಂಬಿತು. ಆಳು ಬಂದು ಹೊತ್ತುಕೊಂಡು ಕೊಡಲಿಯವರ ಮುಂದೆ ಸುರಿದ. ಇನ್ನೊಂದು ಬುಟ್ಟಿ. ಮತ್ತೊಂದು.

ಒಳಗೆ ಕೊಡಲಿಯ ಸದ್ದು ನಿಂತಿತು.

ಒಬ್ಬ ಗಂಡಸು ಒಂದು ತಿರುಳು ಹಿಡಿದು ಹೊರಗೆ ಬಂದ. ಮೂಸಿ ಮೂತಿ ತಿರುವಿದ. ಮೇಲ್ವಿಚಾರಕ ಆಫೀಸಿನಿಂದ ಓಡಿಬಂದ, ಅವನ ಹಿಂದೆ ಮೇಷ್ಟ್ರು, ಅವರ ಹಿಂದೆ ರುದ್ರೇಶ. ಎಲ್ಲರೂ ನನ್ನ ಬುಟ್ಟಿ ನೋಡಿದರು. ಸೋಮಾವತಿ ನಾನು ಎಸೆದ ರಾಶಿಯಿಂದ ಒಂದು ಕಾಯಿ ಎತ್ತಿ, ನನ್ನ ಕಿವಿಯ ಹತ್ತಿರ ಬುಳುಕ್ ಬುಳುಕ್ ಅನ್ನಿಸಿ, ಅದಕ್ಕೆ ಮುತ್ತಿಟ್ಟು ಬುಟ್ಟಿಗೆ ಹಾಕಿದಳು. ಆಮೇಲೆ ನನ್ನ ಬುಟ್ಟಿಯ ಕಾಯಿ ಎತ್ತಿ ಮೂಗು ಹಿಡಿದುಕೊಂಡು ಆಚೆ ಎಸೆದಳು. ಬಿದ್ದು ಬಿದ್ದು ನಕ್ಕಳು. ಎಲೆಯಡಿಕೆ ನೆತ್ತಿಗೇರಿ ಕೆಮ್ಮಿದಳು. ನಾನೇ ಅವಳ ಬೆನ್ನು ತಟ್ಟಬೇಕಾಯಿತು.

"ಮರ್ಯಾದೆ ತೆಗೆದೆಯಲ್ಲ ದೊಡ್ಡವ್ವ" ಅಂದ ರುದ್ರೇಶ ಹಲ್ಲು ಕಚ್ಚಿ. "ಮುದುಕಿ ಕೆಟ್ ಕಾಯೆಲ್ಲ ಒಳೀಕ್ ಕಳಿಸವ್ಳೆ ಅಂತವ್ರೆ."

"ಕೆಟ್ಟಿದ್ದಾ? ಲೇ, ಇಂಥ ಕಾಯ್ಗೆ ತಿಪಟೂರ್ನಾಗೆ ಕೈ ಮುಗೀತಾರೆ!"

ಮೇಲ್ವಿಚಾರಕ ಸಿಟ್ಟು ಮಾಡಲಿಲ್ಲ. ಮೇಷ್ಟ್ರ ಕೈಯಲ್ಲಿ ಹೇಳಿಸಿದ. ಇಲ್ಲಿಗೆ ಬರುವ ಕಾಯಿ ಕಿತ್ತು ಕೆಲವೇ ವಾರವಾಗಿರಬೇಕು. ಒಳಗೆ ನೀರು ತುಂಬಿರಬೇಕು. ನೀರು ಇಂಗಿತು ಅಂದರೆ ಎಣ್ಣೆವಾಸನೆ ಹತ್ತಿತು ಅಂತ ಅರ್ಥ. ಆ ಪುಡಿಯನ್ನು ಯಾರೂ ಕೊಳ್ಳುವುದಿಲ್ಲ. ಬುಟ್ಟಿಗಳನ್ನು ಮತ್ತೆ ಸುರಿದು ಮತ್ತೆ ಆರಿಸಿದರು. ಅರ್ಧ ದಿನದ ಕೆಲಸ ಹಾಳು. ನನ್ನ ಮುಖ ಕಾದ ಹೆಂಚಿನ ಹಾಗೆ ಆಗಿತ್ತು.

ರುದ್ರೇಶನನ್ನು ಗಿರಣಿಯ ಗೋಡೆಯ ಪಕ್ಕಕ್ಕೆ ಕರೆದೆ.

"ಹಂಗಾರೆ ನಮ್ಮ ಅಟ್ಟ?"

"ಅಟ್ಟ ಯಾಕ್ ಬೇಕು ದೊಡ್ಡವ್ವ? ಕಾಯಿ ಇಳಿಸಿದ್ದು ಇಳಿಸ್ದಂಗೆ ಗಿರಣಿಗೆ ಹಾಕೋದು. ವರ್ಸ ಕಾಯೋ ತಾಪತ್ರಯ ಇಲ್ಲ."

"ಇದು ನಿಂಗೆ ಮೊದ್ಲೇ ಗೊತ್ತಿತ್ತಾ?"

ಅವನು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದ. ಗೊತ್ತಿತ್ತು.

ಅಟ್ಟ ತಾಪತ್ರಯವಲ್ಲ. ಅಟ್ಟದಲ್ಲಿ ಕಾಯಿ ಇದ್ದರೆ ಯಾವಾಗ ಇಳಿಸಬೇಕು ಎಂದು ನಾನು ಹೇಳುತ್ತೇನೆ. ಮದುವೆ ಬಂದರೆ ಇಳಿಸುತ್ತೇನೆ, ಪೇಟೆಯಲ್ಲಿ ದರ ಬಿದ್ದರೆ ಇಳಿಸುವುದಿಲ್ಲ. ನೀರು ತುಂಬಿದ ಕಾಯಿ ಹಾಗಲ್ಲ, ಅದು ಕಾಯುವುದಿಲ್ಲ. ಗಿರಣಿ ಕರೆದ ದಿನ ಓಡಬೇಕು. ಇದನ್ನು ಯಾವ ಸಭೆಯಲ್ಲೂ ಯಾರೂ ಹೇಳಿರಲಿಲ್ಲ.

ಸೋಮಾವತಿಯ ಮನೆ

ಆ ಸಂಜೆ ಸೋಮಾವತಿ ನನ್ನ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋದಳು. ಮೇಷ್ಟ್ರನ್ನೂ ಬನ್ನಿ ಎಂದು ಸನ್ನೆ ಮಾಡಿದಳು. ಅವಳಿಗೆ ಗಿರಣಿಯಲ್ಲಿ ಕಲಿತ ತಮಿಳು ಬರುತ್ತಿತ್ತು. ಮನೆ ಗಿರಣಿಯ ಹಿಂಬದಿಗೆ, ಎರಡು ಕೂಗು ದೂರ. ದಾರಿಯಲ್ಲಿ ಒಂದು ಕಾಲುವೆ. ನೀರು ಬೆಳ್ಳಗೆ, ಮೇಲೆ ನೊರೆ. ಹುಳಿ ನಾತ, ಮೂರು ದಿನದ ಹುದುಗಿದ ಹಿಟ್ಟಿನ ಹಾಗೆ. ಅದು ಕಾಯಿಯೊಳಗಿನ ನೀರು, ತೊಳೆದ ನೀರು, ಎಲ್ಲ ಸೇರಿದ್ದು. ಹರಿಯುತ್ತದೆ ಎಂದಿದ್ದನಲ್ಲ ರುದ್ರೇಶ. ಹರಿಯುತ್ತಿರಲಿಲ್ಲ. ನಿಂತಿತ್ತು.

ಅಚ್ಚುಕಟ್ಟಾದ ಮನೆ. ಹೆಂಚು ಹೊಸದು. ಹೊಲಿಗೆ ಯಂತ್ರ ಇತ್ತು. ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳ ಬಿಳಿ ಲಂಗ ಹಗ್ಗದ ಮೇಲೆ ಒಣಗುತ್ತಿತ್ತು. ಚಾಪೆ ಹಾಕಿದಳು. ಹಾಲಿಲ್ಲದ ಟೀ ತಂದು, ಅಂಗೈಗೆ ಒಂದು ಚೂರು ಬೆಲ್ಲ ಇಟ್ಟಳು. ಅಲ್ಲಿ ಟೀಗೆ ಸಕ್ಕರೆ ಹಾಕುವುದಿಲ್ಲ, ಬೆಲ್ಲ ಕಡಿದುಕೊಂಡು ಕುಡಿಯುತ್ತಾರೆ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ಕೊಟ್ಟು ನೀರು ಕೊಡುತ್ತೇವೆ. ಬಡವರಿರಲಿ, ಸಾಹುಕಾರರಿರಲಿ. ಬೆಲ್ಲ ಕೈಗೆ ಬಂದ ಕೂಡಲೇ ನನ್ನ ಬಾಯಿ ತಾನೇ ಕೇಳಿತು.

"ನೀರು?"

ಮೇಷ್ಟ್ರು ತಮಿಳಿನಲ್ಲಿ ಹೇಳಿದರು. ಸೋಮಾವತಿಯ ನಗು ಹೋಯಿತು. ಅವಳು ಮೂಲೆಯ ಮಣ್ಣಿನ ಗಡಿಗೆ ನೋಡಿದಳು, ಅದು ಬರಿದಾಗಿತ್ತು. ಎದ್ದು ಹೊರಗೆ ಹೋಗಿ ಒಂದು ಕೆಂಪು ಎಳನೀರು ಕೆತ್ತತೊಡಗಿದಳು.

"ಎಳನೀರು ಬ್ಯಾಡ, ನೀರು ಸಾಕು ಅನ್ನಿ" ಅಂದೆ.

ಮೇಷ್ಟ್ರು ಬರಿದಾದ ಗಡಿಗೆಯ ಕಡೆ ನೋಡಿದರು. ಅವರಿಗೆ ಆಗಲೇ ಅರ್ಥವಾಗಿತ್ತು, ಹೇಳಲು ಇಷ್ಟವಿರಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋದೆ. ಬಾವಿ ಇತ್ತು. ಕಲ್ಲುಕಟ್ಟಡದ ಒಳ್ಳೆಯ ಬಾವಿ, ನಮ್ಮದಕ್ಕಿಂತ ಅಗಲ. ಹಗ್ಗ ಇರಲಿಲ್ಲ. ರಾಟೆಗೆ ತುಕ್ಕು. ಬಗ್ಗಿದೆ. ಕಾಲುವೆಯ ನಾತ ಅಲ್ಲೂ ಇತ್ತು.

ಸೋಮಾವತಿ ಹಿಂದೆಯೇ ಬಂದಳು. ನಿಂತುಕೊಂಡು ಹೇಳಿದಳು, ಮೇಷ್ಟ್ರು ಒಂದೊಂದೇ ಮಾತು ಕನ್ನಡಕ್ಕೆ ತಂದರು. ಗಿರಣಿ ಬಂದು ಆರನೇ ವರ್ಷಕ್ಕೆ ನೀರು ಹುಳಿಯಾಯಿತಂತೆ. ಈಗ ಗಿರಣಿಯಿಂದ ಬರುವಾಗ ಕೊಡಪಾನ ಹೊತ್ತು ದೂರದ ದೇವಸ್ಥಾನದ ಬಾವಿಗೆ ಹೋಗುತ್ತಾಳೆ. ಇವತ್ತು ನನ್ನನ್ನು ಕರೆತರುವ ಸಂಭ್ರಮದಲ್ಲಿ ಮರೆತಳು.

"ಹಂಗಾರೆ ಗಿರಣಿ ಬ್ಯಾಡ ಅಂತೀಯಾ ಅಂತ ಕೇಳಿ" ಅಂದೆ.

ಕೇಳಿದರು. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಸಿಟ್ಟು ಬಂದಿತ್ತು.

"ಬೇಡ ಅಂತ ಯಾರು ಹೇಳಿದರು ಅಂತ ಕೇಳ್ತಾಳೆ" ಅಂದರು ಮೇಷ್ಟ್ರು. "ಗಿರಣಿ ಬರೋ ಮುಂಚೆ ಇವಳು ಇನ್ನೊಬ್ಬರ ಮನೇಲಿ ಪಾತ್ರೆ ತಿಕ್ಕುತ್ತಿದ್ದಳಂತೆ. ಹೆಣ್ಣುಮಕ್ಕಳು ಓದ್ತಿರೋದು ಗಿರಣಿಯಿಂದ. ಕೆಲಸ ಕೊಟ್ಟಿದ್ದೂ ಅದೇ, ಬಾವಿ ತಗೊಂಡಿದ್ದೂ ಅದೇ. ಯಾವುದನ್ನ ವಾಪಸು ಕೊಡಲಿ ಅಂತಾಳೆ."

ಸುಳ್ಳು ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಒಂದು ಸೀಸೆ ಇದ್ದರೆ ಕೊಡು ಎಂದು ಸನ್ನೆ ಮಾಡಿದೆ. ಅವಳಿಗೆ ಯಾಕೆಂದು ತಕ್ಷಣ ತಿಳಿಯಿತು, ಮೇಷ್ಟ್ರಿಗೆ ತಿಳಿಯಲಿಲ್ಲ. ಎಲ್ಲಿಂದಲೋ ಹಗ್ಗ ತಂದು ಡಬ್ಬ ಇಳಿಸಿ, ಹುಳಿ ನೀರು ಸೇದಿ, ಸೀಸೆಗೆ ತುಂಬಿ, ತೆಂಗಿನ ನಾರು ಗಿಡಿದು ಬಾಯಿ ಮುಚ್ಚಿದಳು. ನನ್ನ ಚೊಂಬಿನ ನೀರನ್ನು ಅವಳಿಗೆ ಒಂದು ಮುಚ್ಚಳ ಬಗ್ಗಿಸಿ ಕೊಟ್ಟೆ. ಕುಡಿದಳು. ಇನ್ನೊಂದು ಮುಚ್ಚಳ ಕೇಳಿದಳು. ಅದನ್ನೂ ಕೊಟ್ಟೆ. ತಳದಲ್ಲಿ ಎರಡು ಲೋಟದಷ್ಟು ಉಳಿಯಿತು.

ವಾಪಸು ಹಡಗು

"ನೋಡಾಯ್ತಲ್ಲ ದೊಡ್ಡವ್ವ" ಅಂದ ರುದ್ರೇಶ. ಕಾಗದ ತೆಗೆದು ತೊಡೆಯ ಮೇಲೆ ಬಿಡಿಸಿದ. ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಪೆನ್ನಿನ ಟೋಪಿ ತೆಗೆದ. "ಇಲ್ಲೊಂದು, ಇಲ್ಲೊಂದು. ಎರಡೇ ರುಜು."

"ನಿಂಗೆ ಹೊಟ್ಟೆ ತೊಳಸ್ತಿಲ್ವಾ?"

"ಇಲ್ಲ."

"ನಂಗೆ ತೊಳಸ್ತೈತೆ. ಎತ್ತಿಡು ಅದನ್ನ."

ಸುಳ್ಳಾಗಿರಲಿಲ್ಲ. ಹೂಂ ಅಂದರೆ ಬಾವಿ ಹೋಗುತ್ತದೆ. ಊಹೂಂ ಅಂದರೆ ಪುಟ್ಟಕ್ಕನಂಥವರಿಗೆ ಸಿಗುವ ವರ್ಷವಿಡೀ ಕೆಲಸ ಹೋಗುತ್ತದೆ. ನಮ್ಮ ಅಂಗಳದಲ್ಲಿ ಗಿಟಕು ಇಳಿಸಿದಾಗ ಮಾತ್ರ ಅವರಿಗೆ ಕೆಲಸ. ಮಿಕ್ಕ ದಿನ ಏನು ಮಾಡುತ್ತಾರೆ ಎಂದು ನಲವತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ. ಆ ಹಡಗಿನಲ್ಲಿ ಕೂತಾಗ ಅದು ಹೊಳೆಯಿತು. ಹೊಳೆದದ್ದು ಇಷ್ಟವಾಗಲಿಲ್ಲ.

ರಾಮೇಶ್ವರದ ಸುಂಕದವನು ಸೀಸೆ ಹಿಡಿದು ನಾರು ಕಿತ್ತು ಮೂಸಿದ. ತಲೆ ಹಿಂದಕ್ಕೆ ಎಳೆದುಕೊಂಡ. ಹೆಂಡವೋ ಎಂದು ಕೇಳಿದ.

"ನೀರು" ಅಂದರು ಮೇಷ್ಟ್ರು.

"ಇದನ್ನು ಯಾಕೆ ತರುತ್ತಿದ್ದೀರಿ?"

"ಕುಡಿಸಾಕೆ" ಅಂದೆ.

"ಯಾರಿಗೆ?"

"ನಮ್ಮೋರ್ಗೆ."

ಅವನು ನನ್ನನ್ನೂ ನೋಡಿದ, ಸೀಸೆಯನ್ನೂ ನೋಡಿದ, ನಾರು ಹಾಗೇ ಗಿಡಿದು ಕೊಟ್ಟು ಕೈ ಒರೆಸಿಕೊಂಡ.

ನಮ್ಮ ಜಗಲಿ

ಊರಿಗೆ ಬಂದ ಮೂರನೆಯ ದಿನ ನಮ್ಮ ಮನೆಯ ಜಗಲಿಯಲ್ಲೇ ಸಂಘದ ಸಭೆ ಕೂತಿತು. ಗಂಡಸರು ಜಗಲಿಯ ಮೇಲೆ, ಹೆಂಗಸರು ಅಂಗಳದಲ್ಲಿ ಗಿಟಕು ಒಡೆಯುತ್ತಾ. ರುದ್ರೇಶ ಸಿಲೋನಿನ ಪುಡಿಯ ಪೊಟ್ಟಣ ಬಿಚ್ಚಿ ಎಲ್ಲರ ಅಂಗೈಗೂ ಹಾಕಿದ. ತಿಂದರು. ಹೊಗಳಿದರು. ನಾನು ಎರಡು ಲೋಟ ತಂದಿಟ್ಟೆ. ಒಂದಕ್ಕೆ ಸೀಸೆಯ ನೀರು, ಇನ್ನೊಂದಕ್ಕೆ ಚೊಂಬಿನ ನೀರು.

"ಪುಡಿ ತಿಂದ್ರಲ್ಲ, ನೀರು ಕುಡೀರಿ. ಇದು ಗಿರಣಿ ಹಿಂದ್ಲ ಬಾವೀದು."

ಹತ್ತಿರ ಕೂತವರು ಮೂಗಿಗೆ ಟವಲು ಇಟ್ಟರು.

"ಅನ್ಯಾಯ ಕಣವ್ವ" ಅಂದ ರುದ್ರೇಶ. "ಒಂದ್ ವಾರದಿಂದ ಸೀಸೇಲಿ ಮುಚ್ಚಿಟ್ಟ ನೀರು. ಯಾವ್ ನೀರಾದ್ರೂ ನಾರ್ತದೆ."

"ಈ ಲೋಟದ್ದು ನಮ್ ಬಾವೀದು. ಹೊರಟ ದಿನ ಚೊಂಬಿಗೆ ತುಂಬಿದ್ದು. ಹನ್ನೆರಡು ದಿನ ಆಯ್ತು." ಎತ್ತಿ ಅರ್ಧ ಕುಡಿದೆ. ಮಿಕ್ಕಿದ್ದನ್ನು ಅವನ ಮುಂದಿಟ್ಟೆ. "ಹಡಗ್ನಾಗೆ ಜೀವ ಬಂತು ಅಂದ್ಯಲ್ಲ, ಅದೇ ನೀರು ಕುಡಿ. ಆಮೇಲೆ ಅದನ್ನೂ ಕುಡಿ."

ಮೊದಲನೆಯದನ್ನು ಕುಡಿದ. ಎರಡನೆಯದನ್ನು ಮುಟ್ಟಲಿಲ್ಲ. ನಾನು ಬಳೆಯ ವಿಷಯ ಹೇಳಿದೆ, ಅಟ್ಟದ ವಿಷಯ ಹೇಳಿದೆ, ಸೋಮಾವತಿ ಹೇಳಿದ್ದನ್ನು ಹೇಳಿದೆ. ಯಾವುದನ್ನೂ ಬಚ್ಚಿಡಲಿಲ್ಲ. ನಾನು ಬೇಡ ಅನ್ನುತ್ತೇನೆ ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ.

ಅಂಗಳದಿಂದ ಪುಟ್ಟಕ್ಕ ಎದ್ದಳು. ಕತ್ತಿ ಕೆಳಗಿಟ್ಟು ಜಗಲಿಯ ಹತ್ತಿರ ಬಂದು, ಹುಳಿ ನೀರಿನ ಲೋಟ ಎತ್ತಿ ಮೂಸಿದಳು. ಮುಖ ಕಿವುಚಲಿಲ್ಲ.

"ಅಕ್ಕಾ, ಗಿರಣಿ ಬ್ಯಾಡ ಅನ್ಬ್ಯಾಡಿ" ಅಂದಳು. "ಬಳೆನಾ ಬಾಗ್ಲಾಗೆ ಗೂಟಕ್ಕೆ ಸಿಕ್ಸಿ ಒಳೀಕೋಯ್ತೀವಿ, ಸಂಜೀಕೆ ಹಾಕ್ಕೊಂಡ್ ಬತ್ತೀವಿ. ಬಾವಿನಾ ಹಂಗೆ ಸಿಕ್ಸಿ ಇಡಾಕಾಯ್ತದಾ? ಆ ಗಲೀಜು ನೀರು ಎಲ್ಲಿಗೋಗ್ಬೇಕು ಅಂತ ಮೊದ್ಲು ಹೇಳ್ಲಿ ಈ ಗಂಡಸ್ರು."

ಸಭೆ ಸಂಜೆಯವರೆಗೆ ನಡೆಯಿತು. ಕೂಗಾಡಿದರು. ಕೊನೆಗೆ ಗಿರಣಿಯ ಕೊಳೆನೀರಿಗೆ ಬಾವಿಯಿಂದ ದೂರ, ರಸ್ತೆಯ ಆಚೆಯ ತಗ್ಗಿನಲ್ಲಿ ಗುಂಡಿ ತೋಡಿ, ಸುತ್ತ ಕಲ್ಲು ಕಟ್ಟಿ, ಸುಣ್ಣ ಹಾಕಬೇಕು ಎಂದಾಯಿತು. ಅದು ಮುಗಿಯುವವರೆಗೆ ಯಂತ್ರ ಊರೊಳಗೆ ಬರಬಾರದು. ನನ್ನ ಕಾಯಿಯಲ್ಲಿ ಅರ್ಧ ಮಾತ್ರ ಗಿರಣಿಗೆ, ಅರ್ಧ ಅಟ್ಟಕ್ಕೆ. ತಾಕು ಸಂಘಕ್ಕೆ, ಬಾವಿ ಮಾತ್ರ ನನ್ನ ಹೆಸರಿನಲ್ಲೇ ಇರುತ್ತದೆ. ಮೇಷ್ಟ್ರು ಹಳೆಯ ಕಾಗದ ಹರಿದು ಹೊಸದು ಬರೆದರು. ನಾನು ಕಡೆಯಲ್ಲಿ ಇನ್ನೊಂದು ಸಾಲು ಸೇರಿಸಿ ಅಂದೆ. ಮೇಷ್ಟ್ರು ಪೆನ್ನು ಎತ್ತಿ ನನ್ನ ಮುಖ ನೋಡಿದರು. ಇಂಥದ್ದನ್ನು ಕಾಗದದ ಮೇಲೆ ಬರೆಯುವ ಪದ್ಧತಿ ಇಲ್ಲ ಅಂದರು. ಬರೆಯದಿದ್ದರೆ ರುಜು ಇಲ್ಲ ಅಂದೆ. ಬರೆದರು.

ಗಿರಣಿ ನಡೆಯುವಷ್ಟು ಕಾಲ, ಪ್ರತಿ ದಿನ ಬೆಳಿಗ್ಗೆ ಯಂತ್ರ ಶುರು ಮಾಡುವ ಮುಂಚೆ, ಸಂಘದ ಕಾರ್ಯದರ್ಶಿಯಾದವನು ಈ ಬಾವಿಯ ನೀರನ್ನು ಒಂದು ಲೋಟ ಬಾವಿಯ ಒಡತಿಯ ಎದುರಿಗೆ ಕುಡಿಯತಕ್ಕದ್ದು. ಕುಡಿಯಲಾಗದ ದಿನ ಯಂತ್ರ ಓಡತಕ್ಕದ್ದಲ್ಲ.

ಆಮೇಲೆ ರುಜು ಹಾಕಿದೆ. ಎರಡು ಕಡೆ. ಬಹಳ ಹೊತ್ತು ಹಿಡಿಯಿತು.

ಗುಂಡಿಯ ಕೆಲಸ ನಡೆಯುತ್ತಿದೆ. ಪುಟ್ಟಕ್ಕನ ಕಡೆಯವರೇ ಮಣ್ಣು ಹೊರುತ್ತಿದ್ದಾರೆ. ಇದು ಸರಿಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಸೋಮಾವತಿಯ ಬಾವಿ ಕೆಡಲು ಆರು ವರ್ಷ ಹಿಡಿಯಿತು. ಆರು ವರ್ಷ ನಾನು ಇರುತ್ತೇನೋ ಇಲ್ಲವೋ, ಅದೂ ಗೊತ್ತಿಲ್ಲ. ಸೀಸೆಯನ್ನು ಚೆಲ್ಲಿಲ್ಲ, ನಾರು ಗಿಡಿದು ಗೂಡಿನಲ್ಲಿಟ್ಟಿದ್ದೇನೆ.

ಯಂತ್ರ ಇನ್ನೂ ಬಂದಿಲ್ಲ. ಆದರೆ ರುದ್ರೇಶ ಆಗಲೇ ಬೆಳಿಗ್ಗೆ ಬಂದು ಬಾವಿಕಟ್ಟೆಯ ಹತ್ತಿರ ನಿಲ್ಲುತ್ತಾನೆ. "ಅಭ್ಯಾಸ ಮಾಡ್ಕೋತೀನಿ ಕಣವ್ವ" ಅನ್ನುತ್ತಾನೆ, ತಮಾಷೆಗೆ. ನಾನು ಸೇದಿ ಕೊಡುತ್ತೇನೆ. ಅವನು ತಲೆ ಎತ್ತಿ ಗಟಗಟ ಕುಡಿಯುತ್ತಾನೆ. ಲೋಟ ಕೆಳಗಿಡುವವರೆಗೂ ನಾನು ಅವನ ಮುಖವನ್ನೇ ನೋಡುತ್ತಿರುತ್ತೇನೆ.